ಹ್ರಿಬಾರನ ಇಪ್ಪತ್ತೊಂದು

ಲ್ಯುಬ್ಲಿಯಾನಾದ ಸೌರಕೋಶ ಪ್ರಯೋಗಾಲಯದಲ್ಲಿ ಬೋರುತ್ ಹ್ರಿಬಾರನಷ್ಟು ಬೀಗುವವನು ಇನ್ನೊಬ್ಬನಿರಲಿಲ್ಲ. ಬೀಗಲು ಅವನಷ್ಟು ಕಡಿಮೆ ಕಾರಣವಿದ್ದವನೂ ಇರಲಿಲ್ಲ. ಗಾಜಿನ ಮೇಲೆ ಕೂದಲಿಗಿಂತ ತೆಳುವಾದ ಕಪ್ಪು ಪದರ ಬಳಿದು ಬೆಳಕಿನಿಂದ ಕರೆಂಟು ತೆಗೆಯುವುದು ಅವನ ಕಸುಬು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಕರೆಂಟಾಗುತ್ತದೆಂದು ತೋರಿಸಿದರೆ ವಿಭಾಗದ ಮುಖ್ಯಸ್ಥನ ಕುರ್ಚಿ ಅವನದು. ಅದರ ಮೇಲೆ ಎಷ್ಟೋ ವರ್ಷಗಳಿಂದ ಅವನ ಕಣ್ಣಿತ್ತು.

ಅಳೆಯುವಾಗ ಕೋಶದ ಮೇಲೆ ತೂತಿರುವ ತಗಡಿನ ಮುಸುಕು ಹಾಕಬೇಕು. ತೂತಿನಷ್ಟೇ ಬೆಳಕು, ಅಷ್ಟಕ್ಕೇ ಲೆಕ್ಕ. ಇಲ್ಲದಿದ್ದರೆ ಪಕ್ಕದ ಗಾಜಿನಿಂದಲೂ ಬೆಳಕು ನುಸುಳಿ ಅಂಕಿ ಉಬ್ಬುತ್ತದೆ. ಹ್ರಿಬಾರನ ಮುಸುಕು ಮೇಜಿನ ಖಾನೆಯಲ್ಲಿ, ಬುರೆಕ್ ತಿಂಡಿ ಕಟ್ಟಿದ್ದ ಎಣ್ಣೆಕಾಗದದಡಿ ಬಿದ್ದಿತ್ತು. ಬಾಳಿಕೆಯ ಪರೀಕ್ಷೆ ಇನ್ನೂ ಚೆಂದ. ಬಿಸಿಲಿನಲ್ಲಿ ಬೇಯಿಸಿ ನೋಡಬೇಕಾದ ಕೋಶವನ್ನು ಈ ಮಹಾಶಯ ಕತ್ತಲೆಯ ಒಣ ಪೆಟ್ಟಿಗೆಯಲ್ಲಿಟ್ಟು, ತಿಂಗಳುಗಟ್ಟಲೆ ಜಗ್ಗಲಿಲ್ಲ ಎಂದು ಸಾರುತ್ತಿದ್ದ. ಅಟ್ಟದ ಮೇಲಿಟ್ಟ ಕೊಡೆ ಸೋರಲಿಲ್ಲವೆಂದು ಮೀಸೆ ತಿರುವಿದ ಹಾಗೆ.

ಅದೇ ಕೋಣೆಯಲ್ಲಿ ಕೆಲಸ ಮಾಡುವ ಸ್ಲಾವ್ಕಾ ಸುಮ್ಮನಿರುವ ಹೆಂಗಸಲ್ಲ.

"ಒಂದ್ಸಲ ಮುಸುಕು ಹಾಕಿ ಅಳೀರಿ ಡಾಕ್ಟ್ರೇ. ನಿಮ್ಮ ಮುಖಕ್ಕಲ್ಲ, ಕೋಶಕ್ಕೆ!"

"ಮುಸುಕು ಬೆಳಕು ತಿನ್ನುತ್ತೆ ಕಣಮ್ಮ."

"ಹೌದ್ಹೌದು, ನಿಮ್ಮದಲ್ಲದ ಬೆಳಕನ್ನ ತಿನ್ನುತ್ತೆ."

ಅವಳು ಹೋದ ಮೇಲೆ ಹ್ರಿಬಾರ್ ಬಾಗಿಲು ಹಾಕಿಕೊಂಡು ಮುಸುಕು ತೊಡಿಸಿ ಅಳೆದ. ಮುಸುಕಿಲ್ಲದೆ ಇಪ್ಪತ್ತೊಂದಿದ್ದದ್ದು ಹದಿನಾಲ್ಕಕ್ಕಿಳಿಯಿತು. ನಿಜ ಗೊತ್ತಾದ ಆ ಗಳಿಗೆಯಲ್ಲಿ ಮನುಷ್ಯನಾಗುವ ಅವಕಾಶ ಅವನಿಗಿತ್ತು. ಅವನು ಮುಸುಕನ್ನು ಮತ್ತೆ ಖಾನೆಗೆ ತಳ್ಳಿದ.

ಆಯ್ಕೆ ಸಮಿತಿ ಬರುವ ದಿನ ಸ್ಲಾವ್ಕಾಳನ್ನು ಏನೋ ನೆಪ ಹೇಳಿ ದೂರದ ಮಾರಿಬೋರ್ ಊರಿಗೆ ಸಾಗಹಾಕಿದ. ಸಮಿತಿಯವರು ಪೊತಿತ್ಸಾ ಕೇಕು ಮೆಲ್ಲುತ್ತ ಪರದೆಯ ಮೇಲಿನ ಇಪ್ಪತ್ತೊಂದನ್ನು ನೋಡಿದರು.

"ಮುಸುಕು ಹಾಕಿದೀರಿ ತಾನೆ?" ಎಂದ ಅವರಲ್ಲೊಬ್ಬ, ಬಾಯಿ ಒರೆಸಿಕೊಳ್ಳುತ್ತ.

"ಅಯ್ಯೋ, ಅದಿಲ್ದೆ ಅಳೆಯೋದುಂಟಾ ಸ್ವಾಮಿ?"

ಎದ್ದು ಹೋಗಿ ಅಳೆಯುವ ಯಂತ್ರದ ಮುಚ್ಚಳ ತೆರೆದು ನೋಡುವಷ್ಟು ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಓದಿದ ಮಂದಿ, ಹೊಟ್ಟೆ ತುಂಬಿತ್ತು, ಚಪ್ಪಾಳೆ ತಟ್ಟಿ ಹೋದರು. ಹ್ರಿಬಾರ್ ಮುಖ್ಯಸ್ಥನಾದ.

ಕುರ್ಚಿ ಬಿಸಿಯಾಗುವ ಮೊದಲೇ ಅಪ್ಪಣೆ ಹೊರಟಿತು: ಇನ್ನು ಮುಂದೆ ಮುಸುಕಿಲ್ಲದೆ ಯಾರೂ ಅಳೆಯಕೂಡದು, ಬಾಳಿಕೆಯನ್ನು ಚಾವಣಿಯ ಬಿಸಿಲಿನಲ್ಲೇ ನೋಡತಕ್ಕದ್ದು.

"ಹಾಗಾದ್ರೆ ನಿಮ್ಮ ಇಪ್ಪತ್ತೊಂದನ್ನೂ ಮತ್ತೆ ಅಳೀಬೇಕಲ್ವಾ?" ಎಂದು ಸ್ಲಾವ್ಕಾ ಕೇಳಿದಳು.

"ಆಗಿಹೋದದ್ದನ್ನ ಕೆದಕಬಾರದು. ವಿಜ್ಞಾನದಲ್ಲಿ ಮುಂದೆ ನೋಡ್ಬೇಕು."

ಮರುವರ್ಷ ಸ್ಲಾವ್ಕಾಳ ಕೋಶ ಮುಸುಕು ತೊಟ್ಟು ಹದಿನೆಂಟು ಕೊಟ್ಟಿತು, ಚಾವಣಿಯ ಮೇಲೆ ಬೇಸಿಗೆಯನ್ನೂ ದಾಟಿತು. ಆ ಕಟ್ಟಡದಲ್ಲಿ ಅಂಥ ಕೋಶವನ್ನು ಅದುವರೆಗೆ ಯಾರೂ ಮಾಡಿರಲಿಲ್ಲ. ಹ್ರಿಬಾರ್ ಅಂಕಿ ನೋಡಿ, ಕನಿಕರದಿಂದ ಅವಳ ಭುಜ ತಟ್ಟಿದ.

"ಪರವಾಗಿಲ್ಲ ಸ್ಲಾವ್ಕಾ, ಬೇಜಾರು ಮಾಡ್ಕೋಬೇಡಿ. ನನ್ನ ಹತ್ರ ಬರೋಕೆ ಇನ್ನು ಮೂರೇ ಬಾಕಿ."