ಎರಡು ಫ್ಯಾನಿನ ಕಾರ್ಡು

ಭಾವಮೈದುನನಿಗೂ ನನಗೂ ಆಸ್ತಿಯ ಜಗಳವಿಲ್ಲ, ಪಕ್ಷದ ಜಗಳವೂ ಇಲ್ಲ. ಇದ್ದ ಜಗಳವೆಲ್ಲ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನದು. ಅವನು ಅಂಕೋಲೆಯ ಬೊಬ್ರುವಾಡದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವವನು. ನಾನು ಕಾರವಾರದ ಒಂದು ಕಚೇರಿಯ ಗುಮಾಸ್ತ, ಮನೆ ತೋಡೂರಿನಲ್ಲಿ. ಮಗಳು ಅನಿಮೇಶನ್ ಕಲಿಯುತ್ತೇನೆಂದು ಹಟ ಹಿಡಿದು ಒಳ್ಳೆಯ ಕಂಪ್ಯೂಟರ್ ಬೇಕೆಂದಾಗ, ಅವನು ಮೂರು ಫ್ಯಾನಿನ ಕಾರ್ಡು ಮಾಡುವ ಕಂಪನಿಯ ಹೆಸರು ಹೇಳಿದ. ಅವನು ಹೇಳಿದ ಒಂದೇ ಕಾರಣಕ್ಕೆ ನಾನು ಎರಡು ಫ್ಯಾನಿನ ಕಂಪನಿಯದನ್ನು ತಂದೆ.

ಒಳಗಿನ ಚಿಪ್ ಎರಡರಲ್ಲೂ ಒಂದೇ. ಹೊರಗಿನ ಕವಚ ಬೇರೆ, ಅದನ್ನು ತಣ್ಣಗಿಡುವ ಫ್ಯಾನು ಬೇರೆ, ಜಾಹೀರಾತು ಬೇರೆ. ಆ ಕಂಪನಿಗಳು ತಮ್ಮತಮ್ಮಲ್ಲಿ ಎಷ್ಟು ಕಚ್ಚಾಡುತ್ತಿದ್ದವೋ ಗೊತ್ತಿಲ್ಲ, ಅವುಗಳ ಪರವಾಗಿ ನಾವಿಬ್ಬರು ಊಟದೆಲೆಯ ಮುಂದೆ ಕೂತು ಕಚ್ಚಾಡುತ್ತಿದ್ದೆವು.

"ಮೂರ್ರಲ್ಲಿ ಒಂದು ಸತ್ರೂ ಎರಡು ಉಳೀತದೆ ಭಾವ. ನಿಮ್ದು ಒಂದು ಸತ್ರೆ ಎಂತ ಮಾಡೂದು?" ಅನ್ನುತ್ತಿದ್ದ ಅವನು.

"ಫ್ಯಾನ್ ಜಾಸ್ತಿ ಇದ್ದಷ್ಟು ಹಾಳಾಗೂಕೂ ಜಾಸ್ತಿ ಮಾರಾಯ," ಅನ್ನುತ್ತಿದ್ದೆ ನಾನು.

ಹೆಂಡತಿ ಇಬ್ಬರಿಗೂ ಸಾರು ಬಡಿಸಿ ಒಳಗೆ ಹೋಗುತ್ತಿದ್ದಳು.

ಮಗಳು ಆ ಯಂತ್ರದಲ್ಲಿ ಮೂರು ತಿಂಗಳು ಕೂತು ಐದು ನಿಮಿಷದ ಒಂದು ಚಿತ್ರ ಮಾಡಿದಳು. ಬುಟ್ಟಿ ಹೊತ್ತ ಮೀನಿನ ಹೆಂಗಸೊಬ್ಬಳು ಬೆಳಿಗ್ಗೆ ಮನೆ ಬಿಟ್ಟು, ಊರೂರು ತಿರುಗಿ, ಸಂಜೆ ಮನೆಗೆ ಬರುವ ಕಥೆ. ಆ ಚಿತ್ರ ನೋಡಿಯೇ ಡಿಸೈನ್ ಕಾಲೇಜಿನವರು ಸಂದರ್ಶನಕ್ಕೆ ಕರೆಯುವುದು. ಕಳಿಸಲು ಕೊನೆಯ ದಿನ ಒಂದು ಶನಿವಾರ, ಸಂಜೆ ಐದರ ಒಳಗೆ. ಅದೇ ಬೆಳಿಗ್ಗೆ ಅವಳಿಗೆ ಪಿಯು ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಮಧ್ಯಾಹ್ನ ಬಂದು ಕೊನೆಯ ದೃಶ್ಯವನ್ನು ಚೂರು ತಿದ್ದಿ, ರೆಂಡರಿಗೆ ಹಚ್ಚುತ್ತೇನೆ, ಎರಡು ತಾಸು ಸಾಕು ಎಂದು ಲೆಕ್ಕ ಹಾಕಿದ್ದಳು. ಅಂದರೆ ಆ ದೃಶ್ಯಕ್ಕೆ ಅವಳು ಮಾಡಿಟ್ಟ ಆಕೃತಿಗಳನ್ನೆಲ್ಲ ಕಂಪ್ಯೂಟರು ಒಂದೊಂದೇ ಬಿಡಿಚಿತ್ರವಾಗಿ ಬರೆದು ಮುಗಿಸುವ ಕೆಲಸ. ಕಾರ್ಡಿಗೆ ನಿಜವಾದ ದುಡಿಮೆ ಆಗಲೇ. ಉಳಿದ ದೃಶ್ಯಗಳ ರೆಂಡರು ಮೊದಲೇ ಮುಗಿದಿತ್ತು.

"ಚಾಲೂ ಇಟ್ಟು ಹೋಗ್ತೆ. ಮುಟ್ಟೂಕೆ ಹೋಗ್ಬೇಡ ಅಪ್ಪಾ," ಎಂದು ಹೇಳಿಯೇ ಹೋದಳು.

ನನಗೆ ರಜೆ. ಚಹಾ ಕುಡಿಯುತ್ತ ಅವಳ ಕೋಣೆಗೆ ಹೋದವನು ಕ್ಯಾಬಿನೆಟ್ಟಿನ ಗಾಜಿನೊಳಗೆ ಇಣುಕಿದೆ. ಎರಡು ಫ್ಯಾನೂ ನಿಂತಿದ್ದವು.

ನಮ್ಮಲ್ಲಿ ಫ್ಯಾನು ನಿಂತರೆ ಯಾರೂ ಯೋಚನೆ ಮಾಡುವುದಿಲ್ಲ, ಬಿಚ್ಚುತ್ತಾರೆ. ಉಪ್ಪುಗಾಳಿಗೆ ಗೇಟಿನ ತಿರುಗಣೆ ಉಳಿಯುವುದಿಲ್ಲ, ಸ್ಕೂಟರು ಉಳಿಯುವುದಿಲ್ಲ. ಪ್ರತಿ ಮನೆಯಲ್ಲೂ ಒಂದು ಎಣ್ಣೆಬುಡ್ಡಿ, ಒಂದು ಸ್ಕ್ರೂಡ್ರೈವರ್ ಕೈಗೆ ಸಿಗುವಲ್ಲೇ ಇರುತ್ತವೆ. ಆದರೆ ಆವತ್ತು ಅವನ್ನು ನಾನು ಕೈಗೆತ್ತಿಕೊಂಡದ್ದು ಬರೀ ಅಭ್ಯಾಸದಿಂದಲ್ಲ. ನಿಂತ ಫ್ಯಾನು ಕಂಡಾಗ ಮೊದಲು ನೆನಪಾದದ್ದು ಮಗಳಲ್ಲ, ಭಾವಮೈದುನ ನಗುವ ನಗು. ಅವನಿಗೆ ತಿಳಿಯುವ ಮುಂಚೆ ಸರಿಮಾಡಿ ಮುಗಿಸಬೇಕೆಂದು ಕೂತೆ.

ಕಂಪ್ಯೂಟರ್ ಬಂದ್ ಮಾಡಿ ಕಾರ್ಡು ಎಳೆದೆ. ಟೇಬಲ್ ಫ್ಯಾನಿನ ರೆಕ್ಕೆ ಕೀಳುವ ಹಾಗೆ ಒಂದು ಚಕ್ರವನ್ನು ಮೀಟಿದೆ. ಟಿಕ್ ಎಂದಿತು. ನಡುವಿನ ಪ್ಲಾಸ್ಟಿಕ್ ಗೂಟ ಮುರಿದು ಕೈಗೆ ಬಂತು. ಇನ್ನೊಂದನ್ನಾದರೂ ಉಳಿಸೋಣವೆಂದು ಅದಕ್ಕೆ ಹೊಲಿಗೆ ಮಶೀನಿನ ಎಣ್ಣೆ ಬಿಟ್ಟು ಬೆರಳಿಂದ ಜೋರಾಗಿ ತಿರುಗಿಸಿದೆ. ಅದು ಒಂದು ಬದಿಗೆ ವಾಲಿ, ಕವಚಕ್ಕೆ ತಾಗಿ ಸಿಕ್ಕಿಕೊಂಡಿತು. ಮುರಿದದ್ದನ್ನು ಅದರ ಜಾಗದಲ್ಲಿ ಒತ್ತಿ ಕೂರಿಸಿ, ಎಲ್ಲ ಮೊದಲಿನಂತೆ ಜೋಡಿಸಿ ಚಾಲೂ ಮಾಡಿಟ್ಟೆ.

ಹನ್ನೆರಡೂವರೆಗೆ ಬಂದ ಮಗಳು ಊಟಕ್ಕೂ ಕೂರದೆ ಕೆಲಸ ಹಚ್ಚಿದಳು. ಹತ್ತು ನಿಮಿಷದಲ್ಲಿ ಪರದೆ ಕಪ್ಪಾಯಿತು. ಮತ್ತೆ ಹಚ್ಚಿದಳು, ಮತ್ತೆ ಕಪ್ಪು. ಕಾರ್ಡಿನ ಬಿಸಿ ತೊಂಬತ್ತು ಡಿಗ್ರಿ ದಾಟುತ್ತಿತ್ತು.

"ಫ್ಯಾನ್ ಬೆಳಿಗ್ಗೆನೇ ನಿಂತಿತ್ತು," ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ.

ಅವಳು ಬಗ್ಗಿ ಗಾಜಿನೊಳಗೆ ನೋಡಿದಳು. ಫ್ಯಾನಿನ ಕೆಳಗೆ ಎಣ್ಣೆ ಇಳಿದಿತ್ತು. ನನ್ನ ಮುಖ ನೋಡದೆ ಮಾವನಿಗೆ ಫೋನ್ ಹಚ್ಚಿದಳು. "ಮಾವ, ನಿಮ್ಮ ಕಾರ್ಡ್ ಒಂದು ದಿನಕ್ಕೆ ಕೊಡ್ತ್ರಾ?" ಎಂದು ಕೇಳಿದಳು. ಆಮೇಲೆ ಗಾಜಿನ ಬಾಗಿಲು ತೆಗೆದು, ವೇಲಿನ ತುದಿಯಿಂದ ಎಣ್ಣೆಯನ್ನು ಒರೆಸಿದಳು.

ಭಾವಮೈದುನ ತನ್ನ ಕಾರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಸ್ಕೂಟರಿನಲ್ಲಿ ಬರುವಾಗ ಎರಡೂಕಾಲು. ಮೂರು ಫ್ಯಾನಿನ ಆ ಕಾರ್ಡು ನಮ್ಮ ಕ್ಯಾಬಿನೆಟ್ಟಿಗೆ ಎರಡು ಬೆರಳು ಉದ್ದವಾಯಿತು. ಅಡ್ಡ ಹಿಡಿದೆವು, ಓರೆ ಹಿಡಿದೆವು, ಒಳಗಿನ ತಗಡನ್ನೇ ಬಗ್ಗಿಸಲು ನೋಡಿದೆವು. ಹೋಗಲಿಲ್ಲ. ಕಾರ್ಡು ಇಲ್ಲಿಗೆ ತರುವ ಬದಲು ಮಗಳನ್ನೇ ಪೆನ್‌ಡ್ರೈವ್ ಹಿಡಿಸಿ ಅಂಕೋಲೆಗೆ ಕಳಿಸಿದ್ದರೆ ಅವನ ಕಂಪ್ಯೂಟರಿನಲ್ಲೇ ಕೆಲಸ ಮುಗಿಯುತ್ತಿತ್ತು. ಅದು ಮೂವರಿಗೂ ಹೊಳೆದದ್ದು ಆಗ. ಮೂರಾಗುತ್ತ ಬಂದಿತ್ತು, ಇನ್ನು ಹೋದರೆ ಮುಟ್ಟುವಾಗಲೇ ನಾಲ್ಕು.

ನಮ್ಮ ಕಾರ್ಡನ್ನೇ ಮತ್ತೆ ಹಾಕಿ, ಕ್ಯಾಬಿನೆಟ್ಟಿನ ಬಾಗಿಲು ತೆಗೆದು, ಟೇಬಲ್ ಫ್ಯಾನನ್ನು ಎದುರಿಗಿಟ್ಟೆವು. ಪರದೆ ಕಪ್ಪಾಗಲಿಲ್ಲ. ಆದರೆ ಬಿಸಿ ತಾಳಲಾರದೆ ಕಾರ್ಡು ಕುಂಟುತ್ತ ನಡೆಯಿತು. ಮೊದಲು ಅರ್ಧ ನಿಮಿಷಕ್ಕೆ ಬರುತ್ತಿದ್ದ ಒಂದು ಬಿಡಿಚಿತ್ರಕ್ಕೆ ಈಗ ಒಂದೂವರೆ ನಿಮಿಷ. ಹೆಂಡತಿ ದೇವರ ಮುಂದೆ ದೀಪ ಹಚ್ಚಿ ಬಂದು ಬಾಗಿಲಲ್ಲಿ ನಿಂತಳು. ನಾನು ಗಡಿಯಾರ ನೋಡುತ್ತಿದ್ದೆ, ಪರದೆ ನೋಡುತ್ತಿದ್ದೆ. ಯಾವ ದೇವರಿಗೆ ಏನು ಹೇಳಿಕೊಳ್ಳಬೇಕೆಂದೂ ತಿಳಿಯಲಿಲ್ಲ, ಮಾಡಿದವನು ನಾನೇ ಆಗಿದ್ದೆ.

ಆಗ ಭಾವಮೈದುನ ಕೇಳಿದ. "ಭಾವ, ನಮ್ದೂ ಸುಮ್ನೆ ಇದ್ದಾಗ ನಿಂತೇ ಇರ್ತದೆ. ಬಿಸಿ ಆದ್ಮೇಲೇ ತಿರಗೂದು. ಈಗಿನ್ದೆಲ್ಲಾ ಹಾಂಗೇ. ನಿಮ್ದು ಬಿಸಿ ಆದ್ರೂ ತಿರಗಲಿಲ್ವ?"

ಬೆಳಿಗ್ಗೆ ಆ ಫ್ಯಾನುಗಳಿಗೆ ಏನೂ ಆಗಿರಲಿಲ್ಲ. ಬಿಸಿ ಇರಲಿಲ್ಲವೆಂದು ಸುಮ್ಮನಿದ್ದವು, ಅಷ್ಟೇ.

"ಇಲ್ಲ ಮಾವ," ಎಂದಳು ಮಗಳು, ಪರದೆಯಿಂದ ಕಣ್ಣು ತೆಗೆಯದೆ. "ನಿನ್ನೆಯಿಂದ್ಲೇ ತಿರಗ್ತಿರಲಿಲ್ಲ. ಕಂಪನಿದೇ ಸರಿ ಇಲ್ಲ."

"ನಾ ಹೇಳಿರ್ಲಿಲ್ವ?" ಎಂದ ಅವನು. ಆದರೆ ನಗಲಿಲ್ಲ, ಪಾಪ.

ನಾಲ್ಕೂ ನಲವತ್ತಕ್ಕೆ ಅವಳು ಕೆಲಸ ನಿಲ್ಲಿಸಿ, ಆದಷ್ಟನ್ನೇ ಕಳಿಸಿದಳು. ಕೊನೆಯ ದೃಶ್ಯ ಅದರಲ್ಲಿ ಇರಲಿಲ್ಲ. ಆ ಹೆಂಗಸು ಖಾಲಿ ಬುಟ್ಟಿ ಹಿಡಿದು ಬಸ್ಸಿನಿಂದ ಇಳಿಯುತ್ತಾಳೆ, ಚಿತ್ರ ಅಲ್ಲಿಗೇ ಕಡಿಯುತ್ತದೆ. ಸಂದರ್ಶನಕ್ಕೆ ಕರೆ ಬರಲಿಲ್ಲ. ಮಗಳು ಈಗ ಕಾರವಾರದಲ್ಲೇ ಬಿಕಾಂ ಓದುತ್ತಿದ್ದಾಳೆ.

ಭಾವಮೈದುನ ಈಗಲೂ ಊಟಕ್ಕೆ ಕೂತಾಗ ಎರಡು ಫ್ಯಾನಿನ ಕಂಪನಿಯನ್ನು ಬೈಯುತ್ತಾನೆ. ನಾನು ಹೌದು ಹೌದು ಎನ್ನುತ್ತೇನೆ. ಮಗಳು ನನ್ನನ್ನು ಒಂದು ಮಾತೂ ಕೇಳಿಲ್ಲ, ಬೈದಿಲ್ಲ, ಅಪ್ಪಾ ಎಂದು ಕರೆಯುವುದನ್ನೂ ಬಿಟ್ಟಿಲ್ಲ. ಕಾಲೇಜಿಗೆ ಹೊರಡುವಾಗ ಮಾತ್ರ ತನ್ನ ಕೋಣೆಗೆ ಬೀಗ ಹಾಕಿ, ನನ್ನೆದುರೇ ಕೀಲಿಯನ್ನು ಅಮ್ಮನ ಕೈಗೆ ಕೊಟ್ಟು ಹೋಗುತ್ತಾಳೆ.