ಕಿಟಕಿಯಿಲ್ಲದ ವಾರ್ಡಿನಲ್ಲಿ ಅತ್ತೆ ಕಂಡ ಹೊತ್ತು

ಮಕ್ಕಳೇ, ಯಾರಿಗೂ ಕಾಣದ್ದು ತಮಗೆ ಕಂಡಿತೆಂದು ಹೇಳುವವರನ್ನು ನಾನು ನಂಬಿದವಳಲ್ಲ. ಎದುರಿಗೆ ಹೇಳುವ ಧೈರ್ಯವಿರಲಿಲ್ಲ, ಸೆರಗಿನ ಮರೆಯಲ್ಲಿ ನಗುತ್ತಿದ್ದೆ. ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ಅವರ ತಾಯಿಗೆ, ಅಂದರೆ ನನ್ನ ಅತ್ತೆಗೆ, ನ್ಯುಮೋನಿಯಾ ಆಯಿತು. ಅಥಣಿಯ ಒಂದು ಹೊಸ ದವಾಖಾನೆಗೆ ಸೇರಿಸಿದೆವು. ಹೊರಗೆಲ್ಲ ನೀಲಿ ಗಾಜು, ಒಳಗಿನ ವಾರ್ಡಿಗೆ ಒಂದು ಕಿಟಕಿಯೂ ಇಲ್ಲ. ಹಗಲು ರಾತ್ರಿ ಅದೇ ಟ್ಯೂಬ್‌ಲೈಟು, ಫಿನಾಯಿಲಿನ ನಾತ, ನಡುಗಿಸುವ ಏಸಿ, ಯಾರೂ ನೋಡದ ಟಿವಿಯ ಗದ್ದಲ. ಗಟ್ಟಿಮುಟ್ಟಾಗಿದ್ದ ನನಗೇ ಉಸಿರು ಕಟ್ಟುತ್ತಿತ್ತು. ಇಂಥದನ್ನು ಕಟ್ಟಿಸಿದವರು ಒಂದು ದಿನವಾದರೂ ಅಲ್ಲಿ ಮಲಗಿ ನೋಡಿದ್ದಾರೆಯೇ?

ನಾವು ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅತ್ತೆ ಆ ನೇಮವನ್ನು ಎಂದೂ ಬಿಟ್ಟವರಲ್ಲ. ಹೊತ್ತೇ ಕಾಣದ ಆ ಕೋಣೆಯಲ್ಲಿ, ಯಾವಾಗ ಊಟ ಹಿಡಿದರೂ ಮುಳುಗಿರಬಹುದೆಂದು ಬಾಯಿ ಬಿಗಿದರು. ನರ್ಸು ಗೋಡೆಯ ಗಡಿಯಾರ ತೋರಿಸಿ, ಇನ್ನೂ ಮಧ್ಯಾಹ್ನವೆಂದು ರಮಿಸಿದಳು.

“ನಿನ್ನ ಗಡ್ಯಾಳ ನೋಡಿ ನಾ ನೇಮ ಹಿಡದಿಲ್ಲ ತಂಗಿ. ಹೊತ್ತ ತೋರ್ಸು, ಉಣ್ತೀನಿ,” ಎಂದರು ಅತ್ತೆ.

ಹೊಟ್ಟೆಗಿಲ್ಲದೆ ಹೀಗೇ ಇದ್ದರೆ ಜೀವ ಉಳಿಯುವುದಿಲ್ಲ ಎಂದರು ಡಾಕ್ಟರು. ಮುಂದಿನ ಪಡಸಾಲೆಯಲ್ಲಿ ಮಂಚ ಹಾಕಿರಿ, ಬಿಸಿಲು ಕಂಡರೆ ಉಣ್ಣುತ್ತಾರೆ ಎಂದು ಕೈಮುಗಿದೆ. ಅಲ್ಲಿ ರೋಗಿಗಳನ್ನು ಮಲಗಿಸಿದರೆ ದವಾಖಾನೆ ಚಂದ ಕಾಣುವುದಿಲ್ಲವಂತೆ!

ಅಂದು ಸಂಜೆಯ ಮುಂದೆ ಅತ್ತೆ ಬರಿಯ ಗೋಡೆಯ ಕಡೆ ಹೊರಳಿದರು.

“ಕಿಡಕಿ ಯಾರ್ ತೆರದ್ರ? ಇನ್ನಾ ಹೊತ್ತೈತಿ. ಗಂಜಿ ಕೊಡವಾ, ಲಗೂನ.”

ನೋಡುತ್ತೇನೆ, ಅವರ ಕೆನ್ನೆಯ ಮೇಲೆ ಹಳದಿ ಬಿಸಿಲು. ಬಟ್ಟಲು ಪೂರ್ತಿ ಕುಡಿದು, ಸಾಕು, ಮುಳುಗಿತು ಎಂದರು. ಬಿಸಿಲು ಹೋಯಿತು. ನಾನು ಹೊರಬಾಗಿಲಿಗೆ ಓಡಿದೆ. ಕಬ್ಬಿನ ಹೊಲದಾಚೆ ಸೂರ್ಯ ಆಗಷ್ಟೇ ಇಳಿದಿದ್ದ.

ಮರಳಿ ಬಂದು ಗೋಡೆ ಮುಟ್ಟಿದೆ. ಬೆಚ್ಚಗಿತ್ತು. ಹೊರಗಿನ ಬಿಸಿಲಿಗೆ ಕಾದಿರಬೇಕು ಎನ್ನುತ್ತೀರಿ. ಆದರೆ ಅದರ ಆಚೆ ಇದ್ದದ್ದು ಎಕ್ಸ್‌ರೇ ಕೋಣೆ.

ಮರುದಿನವೇ ಜಗಳವಾಡಿ ಅವರನ್ನು ಮನೆಗೆ ತಂದೆ. ಕಾಂಪೌಂಡರ್ ಮನೆಗೇ ಬಂದು ಇಂಜೆಕ್ಷನ್ ಮಾಡಿ ಹೋಗುತ್ತಿದ್ದ. ಅತ್ತೆ ಅಂಗಳದ ಬಿಸಿಲು ನೋಡುತ್ತ ಉಂಡರು, ಎದ್ದು ಕೂತರು. ಆ ಸಂಜೆಯ ಸಂಗತಿ ಕೇಳಿದಾಗ ನನ್ನನ್ನೇ ವಿಚಿತ್ರವಾಗಿ ನೋಡಿದರು.

“ಅಷ್ಟ ದೊಡ್ಡ ಕಿಡಕಿ, ನಿನಗ ಕಾಣಲಿಲ್ಲೇನ?”

ನಾನು ಕಂಡ ಬಿಸಿಲು ಎಲ್ಲಿಂದ ಬಂತೆಂದು ಇಂದಿಗೂ ತಿಳಿಯದು. ಅಲ್ಲಿ ಕಿಟಕಿ ಇರಲಿಲ್ಲ, ಮಕ್ಕಳೇ. ಇರಬೇಕಾಗಿತ್ತು.