ಬಿದ್ದರೆ ಸಿಡಿಯದ ರಿವಾಲ್ವರ್

ನನಗೆ ಶತ್ರುಗಳು ಯಾರೂ ಇರಲಿಲ್ಲ. ಮಚ್ಛೆಯಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಸಣ್ಣದೊಂದು ಕಾರ್ಖಾನೆ, ಬೆಳಗಾವಿಯಲ್ಲಿ ಮನೆ, ಹೆಂಡತಿ, ಪುಟ್ಟ ಮಗಳು. ಇಷ್ಟೇ ಇರುವವನನ್ನು ಮುಗಿಸಲು ಯಾರೂ ಉತ್ಸಾಹ ತೋರಿರಲಿಲ್ಲ. ಆದರೂ ಆತ್ಮರಕ್ಷಣೆಗೆಂದು ಅರ್ಜಿ ಹಾಕಿ, ಎರಡು ವರ್ಷ ಕಚೇರಿಗಳನ್ನು ಸುತ್ತಿ, ಕೊನೆಗೂ ರಿವಾಲ್ವರಿನ ಪರವಾನಗಿ ಪಡೆದೆ.

"ನಿಮ್ಮನ್ನ ಕೊಲ್ಲಾಕ ಯಾರಿಗೆ ಪುರಸೊತ್ತೈತ್ರಿ?" ಎಂದಳು ಹೆಂಡತಿ. ದೊಡ್ಡ ಮನುಷ್ಯರ ಕಷ್ಟ ಆಕೆಗೆ ತಿಳಿಯುವುದಿಲ್ಲವೆಂದುಕೊಂಡು ರಿವಾಲ್ವರ್ ಕೊಳ್ಳಲು ಅಂಗಡಿಗೆ ಹೊರಟೆ.

ಅಂಗಡಿಯವರು ಕೊಟ್ಟ ಪುಸ್ತಿಕೆಯ ಮೊದಲ ಎರಡು ಪುಟಗಳನ್ನು ಶ್ರದ್ಧೆಯಿಂದ ಓದಿದೆ. ಕೈತಪ್ಪಿ ಬಿದ್ದರೂ ಗುಂಡು ಹಾರದಂತೆ ಒಳಗೊಂದು ತಡೆ ಇದೆ ಎಂದು ಅದರಲ್ಲಿತ್ತು. ಆ ವಾಕ್ಯ ಬಾಯಿಪಾಠವಾಯಿತು. ಚಹಾ ಕುಡಿಯಲು ಬಂದವರಿಗೆಲ್ಲ ಅದನ್ನು ಒಪ್ಪಿಸುತ್ತಿದ್ದೆ. ಮಕ್ಕಳ ವಿಷಯ ಮೂರನೆಯ ಪುಟದಲ್ಲಿತ್ತು ಎನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ.

ಮುಂದಿನ ಚಳಿಗಾಲದಲ್ಲಿ ನನ್ನ ನಾದಿನಿಯ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ ಖಾನಾಪುರದಲ್ಲಿ, ಮಾವನವರ ಮನೆಯಲ್ಲಿ ಇತ್ತು. ಹೆಸರಿಡಿಸಿಕೊಳ್ಳಲಿರುವ ಕೂಸಿನಿಂದ ನನಗೆ ಜೀವಭಯವಿತ್ತೆಂದಲ್ಲ; ಬೆಳಗಾವಿಯಿಂದ ಹೋಗುವ ದಾರಿಯಲ್ಲಿ ಅಲ್ಲಲ್ಲಿ ಮರಗಳಿವೆ. ಮರಗಳೆಂದ ಮೇಲೆ ಎಚ್ಚರ ಬೇಕಲ್ಲ. ಆರೂ ಗುಂಡು ತುಂಬಿದ ರಿವಾಲ್ವರನ್ನು ಚರ್ಮದ ಚೀಲದಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ.

ಊಟಕ್ಕೆ ಹೋಳಿಗೆ. ನಾಲ್ಕನೆಯದರ ನಂತರ ನನ್ನ ಹೊಟ್ಟೆಗೂ ಬೆಲ್ಟಿಗೂ ಹೊಂದಾಣಿಕೆ ತಪ್ಪಿತು. ಒಳಕೋಣೆಗೆ ಹೋಗಿ ಚೀಲ ಬಿಚ್ಚಿ, ಟ್ರಂಕಿನ ಮೇಲೆ ಪೇರಿಸಿದ್ದ ಕೌದಿಗಳ ನಡುವೆ ತುರುಕಿದೆ. ಯಾರಿಗೂ ಕಾಣದು ಎಂದು ನನ್ನ ಬುದ್ಧಿಗೆ ನಾನೇ ಮೆಚ್ಚಿ, ಹೊರಗೆ ಪಡಸಾಲೆಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಂಡೆ.

ನನ್ನ ಮಗಳಿಗೊಂದು ಒಳ್ಳೆಯ ಗುಣವಿದೆ. ನಾನು ಎಲ್ಲೆಂದರಲ್ಲಿ ಬಿಟ್ಟ ಕನ್ನಡಕ, ಫೋನು, ಕಾರಿನ ಕೀಲಿಗಳನ್ನು ಹುಡುಕಿ ತಂದುಕೊಡುತ್ತಾಳೆ. ನಾನು ಥ್ಯಾಂಕ್ಯೂ ಹೇಳಿ ಒಂದು ಪೆಪ್ಪರಮಿಂಟ್ ಕೊಡುತ್ತೇನೆ. ಆಗ ಅವಳಿಗೆ ನಾಲ್ಕು ವರ್ಷ. ಅಂದು ಕೌದಿಗಳ ಮೇಲೆ ಹತ್ತಿ ಆಡುತ್ತಿದ್ದ ಅವಳ ಕಾಲಿಗೆ ಅಪ್ಪನ ಇನ್ನೊಂದು ಸಾಮಾನು ತಗುಲಿತ್ತು. ಚೀಲದಿಂದ ಅದನ್ನು ಹೊರಗೆಳೆದು, ಎರಡೂ ಕೈಯಲ್ಲಿ ಹಿಡಿದುಕೊಂಡು ಪಡಸಾಲೆಗೆ ಬಂದಳು.

"ಪಪ್ಪಾ, ನೀ ಇದನ್ನ ಮರತು ಬಂದಿ ನೋಡು."

ರಿವಾಲ್ವರಿನ ಬಾಯಿ ತೊಟ್ಟಿಲ ಕಡೆ ಇತ್ತು. ಅಲ್ಲಿಂದ ನನ್ನ ಹೆಂಡತಿಯ ಕಡೆ ತಿರುಗಿತು, ಆಮೇಲೆ ನನ್ನ ಕಡೆ. ಮಗಳ ಬೆರಳುಗಳು ಟ್ರಿಗರಿನ ಸುತ್ತಲೇ ಇದ್ದವು. ಆತ್ಮರಕ್ಷಣೆಯಲ್ಲಿ ಪರಿಣತನಾದ ನಾನು ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಕಲ್ಲಾಗಿದ್ದೆ.

ಮಾವನವರು ಸೈನ್ಯದಿಂದ ನಿವೃತ್ತರಾದವರು. ಕುರ್ಚಿಯಿಂದ ಏಳಲಿಲ್ಲ, ದನಿಯನ್ನೂ ಎತ್ತರಿಸಲಿಲ್ಲ.

"ಭಾಳ ವಜ್ಜಿ ಐತೇನವ್ವಾ?"

"ಹೂಂ ಅಜ್ಜಾ, ಭಾರ ಐತಿ."

"ಹಂಗಾರ ಅಲ್ಲೇ ಗಾದಿ ಮ್ಯಾಲ ಇಡು. ಇಟ್ಟು ನನ್ನ ಕಡೆ ಬಾ."

ಅವಳು ಇಟ್ಟಳು. ಬಂದಳು. ಅವರು ಅವಳನ್ನು ಅಜ್ಜಿಯ ಮಡಿಲಿಗೆ ದಾಟಿಸಿ, ರಿವಾಲ್ವರನ್ನು ಎತ್ತಿ, ಯಾರೂ ಇಲ್ಲದ ಗೋಡೆಯ ಕಡೆ ತಿರುಗಿಸಿ ಹಿಡಿದು, ಗುಂಡುಗಳನ್ನು ಒಂದೊಂದಾಗಿ ಅಂಗೈಗೆ ಬೀಳಿಸಿಕೊಂಡರು. ಆಗ ನನಗೆ ಮಾತು ಬಂತು. ಬಂದ ಮಾತಾದರೂ ಎಂಥದ್ದು!

"ಮಾವಾರ, ಅದರಾಗ ಸೇಫ್ಟಿ ಐತ್ರಿ. ಬಿದ್ದರೂ ಸಿಡಿಯೂದಿಲ್ಲ."

"ಖರೇ. ಒತ್ತಿದರ?"

"ಒತ್ತಿದರ... ಸಿಡಿತೈತ್ರಿ."

"ಹಂಗಾರ ಬರೋಬ್ಬರಿ ಐತಿ. ಅದರಾಗ ಏನೂ ದೋಷ ಇಲ್ಲ, ಅಳಿಯಂದ್ರ."

ಟ್ರಿಗರ್ ಬಿಗಿ ಇದೆ, ಸಣ್ಣ ಮಕ್ಕಳಿಗೆ ಒತ್ತಲು ಬರುವುದಿಲ್ಲ ಎಂದು ಕೊನೆಯ ವಾದ ಹೂಡಿದೆ. ಉತ್ತರ ಹೆಂಡತಿಯಿಂದ ಬಂತು. "ಉಪ್ಪಿನಕಾಯಿ ಡಬ್ಬಿ ನಿಮಗ ತೆಗಿಯಾಕ ಬರೂದಿಲ್ಲ. ದಿನಾ ಅಕಿನೇ ತೆಗದು ಕೊಡತಾಳ." ಹೇಳಿ ಮುಗಿಸುವಷ್ಟರಲ್ಲಿ ಅಳತೊಡಗಿದಳು.

ಮಗಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. "ಪಪ್ಪಾ ನನಗ ಥ್ಯಾಂಕ್ಯೂ ಅನ್ನಲೇ ಇಲ್ಲ," ಎಂದು ಅಜ್ಜಿಗೆ ದೂರು ಹೇಳಿದಳು. ನಾನು ಹಿತ್ತಲಿಗೆ ಹೋಗಿ ತಿಂದದ್ದನ್ನೆಲ್ಲ ಕಾರಿಕೊಂಡೆ.

ಮರುವಾರ ಮಾವನವರು ಬಸ್ಸು ಹತ್ತಿ ಬೆಳಗಾವಿಗೆ ಬಂದರು. ಬೀಗದ ಉಕ್ಕಿನ ಪೆಟ್ಟಿಗೆಯೊಂದನ್ನು ತರಿಸಿ, ಗೋಡೆಗೆ ಬೋಲ್ಟ್ ಹಾಕಿಸಿ ಕೂರಿಸಿದರು. ಗುಂಡುಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಕೀಲಿ ಮೈಮೇಲೆ ಇರಬೇಕು, ಮೊಳೆಗೆ ತೂಗುಹಾಕುವ ಹಾಗಿಲ್ಲ. ಸೊಂಟದಿಂದ ತೆಗೆದರೆ ಅದು ಪೆಟ್ಟಿಗೆಗೇ ಹೋಗಬೇಕು, ನಡುವೆ ಎಲ್ಲಿಯೂ ಒಂದು ನಿಮಿಷ ಇಡುವಂತಿಲ್ಲ. ಮೊಮ್ಮಗಳನ್ನು ಕೂರಿಸಿಕೊಂಡು, "ಅಂಥಾದ್ದು ಎಲ್ಲೇ ಕಂಡರೂ ಮುಟ್ಟಬ್ಯಾಡ. ಓಡಿ ಬಂದು ದೊಡ್ಡವರಿಗೆ ಹೇಳು," ಎಂದು ಕಲಿಸಿದರು. ಅವಳು ಒಂದೇ ಸಲಕ್ಕೆ ಕಲಿತಳು. ನನ್ನಿಂದ ಮಾತ್ರ ಮೂರು ಸಲ ಹೇಳಿಸಿದರು.

ಮೊನ್ನೆ ಲೋಂಡಾ ಹತ್ತಿರದ ನಮ್ಮ ದೂರದ ನೆಂಟರೊಬ್ಬರ ತೋಟದ ಮನೆಗೆ ಹೋಗಿದ್ದೆವು. ಕಾಡುಹಂದಿ ಬೆದರಿಸಲು ಅವರಲ್ಲಿ ಬಂದೂಕಿದೆ. ಮಗಳು ಒಳಗೆ ಓಡುವ ಮುಂಚೆ ನಾನು ಅವಳ ಕೈ ಹಿಡಿದು ನಿಲ್ಲಿಸಿ, "ಬಂದೂಕು ಎಲ್ಲಿಟ್ಟೀರ್ರಿ?" ಎಂದು ಕೇಳಿದೆ.

"ಬಾಗಲ ಹಿಂದ ಐತಿ. ಯಾಕ, ನಮ್ಮನ್ನ ನಂಬೂದಿಲ್ಲೇನು?" ಎಂದು ಅವರು ಮುಖ ಊದಿಸಿದರು.

"ನಾನು ನನ್ನನ್ನೇ ನಂಬೂದಿಲ್ರಿ," ಎಂದೆ.

ಹೆಂಡತಿ, ಮಗಳು, ನಾನು ಮೂವರೂ ಅಂಗಳದಲ್ಲೇ ಕುಳಿತೆವು; ಚಹಾ ಅಲ್ಲಿಗೇ ಬಂತು. ಕೊನೆಗೆ ಅವರು ಗೊಣಗುತ್ತ ಒಳಗೆ ಹೋಗಿ, ಬಂದೂಕನ್ನು ಕಪಾಟಿನೊಳಗಿಟ್ಟು ಬೀಗ ಹಾಕಿ ಬಂದರು. ಆಮೇಲೆ ಮಗಳ ಕೈ ಬಿಟ್ಟೆ.